ಪ್ರೋಟೀನ್ ಪೌಡರ್ ಇರಲಿ, ಚೂರ್ಣ ಬಿಡಿ
ಓದುಗರ ಪ್ರಶ್ನೆಗೆ ನರರೋಗ ತಜ್ಞರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು: ಸಿಜೆಡಿ, ಅಂದರೆ ಪ್ರಿಯಾನ್ ಎಂಬ ತಪ್ಪಾಗಿ ಮಡಚಿದ ಪ್ರೋಟೀನಿನಿಂದ ಮಿದುಳು ಬೇಗ ಹಾಳಾಗುವ, ಮದ್ದಿಲ್ಲದ ಕಾಯಿಲೆ (ಕ್ರಾಯ್ಟ್ಸ್‌ಫೆಲ್ಟ್-ಯಾಕೋಬ್ ರೋಗ). ಇಷ್ಟು ಪತ್ರ ಬರಲು ಕಾರಣ ಗೊತ್ತು. ‘ಮಿದುಳು ತಿನ್ನುವ ಪ್ರೋಟೀನ್’ ಅಂತ ಒಂದು ವಿಡಿಯೊ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಮಂಗಳೂರಿನ ನನ್ನ ಕ್ಲಿನಿಕ್ಕಿಗೂ ಜನ ಅದನ್ನು ಮೊಬೈಲಿನಲ್ಲಿ ಹಿಡಿದುಕೊಂಡೇ ಬರುತ್ತಾರೆ. ರೋಗದ ಲಕ್ಷಣಗಳನ್ನು ನಾನು ಮತ್ತೆ ಬರೆಯುವುದಿಲ್ಲ. ಆ ವಿಡಿಯೊದಲ್ಲಿ ಸರಿಯಾಗಿ ಇರುವುದು ಅದೊಂದೇ.

ಪ್ರಶ್ನೆ: ನಾನು ಜಿಮ್‌ಗೆ ಹೋಗುವವನು. ಪ್ರೋಟೀನ್ ಪೌಡರ್ ತಗೊಳ್ತೇನೆ. ಪ್ರಿಯಾನ್ ಕಾಯಿಲೆ ಬರ್ತದಾ? ಮೊಟ್ಟೆಯನ್ನೂ ಬಿಡಬೇಕಾ? (ದೇರಳಕಟ್ಟೆ)

ಇಲ್ಲ. ಬೇಡ. ಇದೇ ಪ್ರಶ್ನೆಯನ್ನು ಇನ್ನು ಯಾರೂ ಕಳಿಸಬೇಡಿ ಮಾರಾಯ್ರೇ.

ಪ್ರಶ್ನೆ: ನನ್ನ ಅತ್ತೆಗೆ 66 ವರ್ಷ. ಮೊದಲು ಮರೆವು ಶುರುವಾಯಿತು. ತಿಂಗಳೊಳಗೆ ನಡಿಗೆ ತಪ್ಪಿತು. ಆಮೇಲೆ ಬೆಚ್ಚಿಬಿದ್ದ ಹಾಗೆ ಕೈಕಾಲು ಅದುರುತ್ತಿತ್ತು. ನಾಲ್ಕೇ ತಿಂಗಳಲ್ಲಿ ತೀರಿಕೊಂಡರು. ಸಿಜೆಡಿ ಅಂದರು. ಒಂದು ಕೆಟ್ಟ ಪ್ರೋಟೀನ್ ಇನ್ನೊಂದನ್ನು ಕೆಡಿಸುತ್ತದೆ ಅಂತ ಡಾಕ್ಟ್ರು ಹೇಳಿದ್ದು ನಮಗೆ ಅರ್ಥವಾಗಲಿಲ್ಲ. ಜೀವ ಇಲ್ಲದ್ದು ಹೇಗೆ ಹರಡುತ್ತದೆ? ನನ್ನ ಗಂಡನಿಗೆ, ಮಕ್ಕಳಿಗೆ ಬರ್ತದಾ? (ಬ್ರಹ್ಮಾವರ)

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಹೆಚ್ಚಾಗಿ ಇಲ್ಲ. ಯಾಕೆ ಇಲ್ಲ ಅಂತ ತಿಳಿಯಬೇಕಾದರೆ ಉಳಿದದ್ದನ್ನು ಸ್ವಲ್ಪ ತಾಳ್ಮೆಯಿಂದ ಓದಿ.

ಪ್ರಿಯಾನ್ ಪ್ರೋಟೀನ್ ನಿಮ್ಮಲ್ಲೂ ಉಂಟು, ನನ್ನಲ್ಲೂ ಉಂಟು. 20ನೇ ಕ್ರೋಮೋಸೋಮಿನ ಒಂದು ಜೀನ್ ಅದನ್ನು ಮಾಡಿಸುತ್ತದೆ. ನರಕೋಶದ ಹೊರಮೈಗೆ ಒಂದು ಕೊಂಡಿ ಹಾಕಿಕೊಂಡು ಅದು ನಿಂತಿರುತ್ತದೆ. ಸರಿಯಾದ ರೂಪದಲ್ಲಿ ಅದರ ಸುಮಾರು ಅರ್ಧ ಭಾಗ ಸಡಿಲ ದಾರದ ಹಾಗೆ, ಉಳಿದದ್ದರಲ್ಲಿ ಮೂರು ಸುರುಳಿ. ರೋಗದ ರೂಪದಲ್ಲಿ, ಅಂದರೆ ಪ್ರಿಯಾನ್ ಆದಾಗ, ಇದೇ ಪ್ರೋಟೀನ್ ಸುರುಳಿ ಬಿಚ್ಚಿ ಚಪ್ಪಟೆಯಾಗುತ್ತದೆ, ಒಂದರ ಮೇಲೊಂದು ಕೂತು ಉದ್ದ ಎಳೆಯಾಗುತ್ತದೆ. ಅದನ್ನು ಕಟ್ಟಿರುವ ಮಣಿಗಳ, ಅಂದರೆ ಅಮೈನೊ ಆಮ್ಲಗಳ ಸಾಲು ಒಂದಿಷ್ಟೂ ಬದಲಾಗಬೇಕಿಲ್ಲ. ಮಡಚಿದ ರೀತಿ ಮಾತ್ರ ಬೇರೆ.

ಹಾಲಿಗೆ ಹೆಪ್ಪು ಹಾಕಿದ ಹಾಗೆ ಅಂತ ಎಲ್ಲರೂ ವಿವರಿಸುತ್ತಾರೆ. ಅರ್ಧ ಸರಿ. ಹೆಪ್ಪಿನಲ್ಲಿ ಜೀವ ಇರುವ ಬ್ಯಾಕ್ಟೀರಿಯಾ ಉಂಟು, ಅದು ತಾನಾಗಿ ಹೆಚ್ಚುತ್ತದೆ. ಇಲ್ಲಿ ಅಂಥದ್ದು ಏನೂ ಇಲ್ಲ. ಎಳೆಯ ತುದಿಗೆ ಒಂದು ಒಳ್ಳೆಯ ಪ್ರೋಟೀನ್ ಬಂದು ತಾಗುತ್ತದೆ. ಆ ತುದಿಯ ಮಡಿಕೆಗೆ ಹೊಂದುವ ಹಾಗೆ ತಾನೂ ಮಡಚಿಕೊಂಡು ಕೂರುತ್ತದೆ. ಈಗ ಅದೇ ಹೊಸ ತುದಿ, ಇನ್ನೊಂದು ಬಂದು ತಾಗಲು ಜಾಗ. ಉದ್ದವಾದ ಎಳೆ ಮುರಿದರೆ ಎರಡು ಎಳೆ, ನಾಲ್ಕು ತುದಿ. ಹರಡುವುದು ಅಂದರೆ ಇಷ್ಟೇ. ಮೊದಲ ತುಣುಕು ಹುಟ್ಟುವುದು ಬಹಳ ಅಪರೂಪ. ಹುಟ್ಟಿ, ಮುರಿದು, ತುದಿಗಳು ಸಾಕಷ್ಟಾದ ಮೇಲೆ ವೇಗಕ್ಕೆ ಕಡಿವಾಣ ಇಲ್ಲ. ನಿಮ್ಮ ಅತ್ತೆಯವರು ಅಷ್ಟು ಬೇಗ ಕುಸಿದದ್ದು ಇದಕ್ಕೇ.

ಹೋಲಿಕೆಯ ಸರಿಯಾದ ಅರ್ಧ ಯಾವುದು ಅಂದರೆ, ಹಾಲೇ ಇಲ್ಲದಿದ್ದರೆ ಹೆಪ್ಪು ಏನು ಮಾಡೀತು? 1993ರಲ್ಲಿ ಸ್ವಿಟ್ಜರ್ಲೆಂಡಿನ ಚಾರ್ಲ್ಸ್ ವೈಸ್‌ಮನ್ ತಂಡ ಈ ಜೀನ್ ಇಲ್ಲದ ಇಲಿಗಳ ಮಿದುಳಿಗೆ ಪ್ರಿಯಾನ್ ಚುಚ್ಚಿತು. ರೋಗ ಬರಲಿಲ್ಲ. 2003ರಲ್ಲಿ ಲಂಡನ್ನಿನ ವಿಜ್ಞಾನಿಗಳು ಇನ್ನೂ ಮುಂದೆ ಹೋದರು. ಸೋಂಕು ತಗಲಿ ಮಿದುಳಿನಲ್ಲಿ ತೂತು ಬೀಳಲು ಶುರುವಾದ ಮೇಲೆ, ನರಕೋಶದಲ್ಲಿ ಒಳ್ಳೆಯ ಪ್ರೋಟೀನ್ ತಯಾರಾಗುವುದನ್ನು ನಿಲ್ಲಿಸಿದರು. ತೂತುಗಳು ಮಾಯವಾದವು, ಇಲಿಗಳು ಬದುಕಿದವು. ತಮಾಷೆ ಅಂದರೆ ಸುತ್ತಲಿನ ಬೇರೆ ಕೋಶಗಳಲ್ಲಿ ಕೆಟ್ಟ ಪ್ರೋಟೀನ್ ಸೇರುತ್ತಲೇ ಇತ್ತು. 2005ರಲ್ಲಿ ಅಮೆರಿಕದಲ್ಲಿ, ಪ್ರೋಟೀನಿನ ಕೊಂಡಿ ಕತ್ತರಿಸಿದ ಇಲಿಗಳ ಮೇಲೆ ಪ್ರಯೋಗ ನಡೆಯಿತು. ಮಿದುಳಲ್ಲಿ ಕೆಟ್ಟ ಪ್ರೋಟೀನಿನ ಕಸ ರಾಶಿ ಬಿತ್ತು, ಆದರೆ ಮಾಮೂಲಿ ಇಲಿಗಳ ಹಾಗೆ ಅವು ಕಾಯಿಲೆ ಬೀಳಲಿಲ್ಲ. ಆ ವಿಡಿಯೊದವರು ಇದನ್ನು ಗಮನಿಸಬೇಕು: ಯಾರೋ ಒಳಗೆ ನುಗ್ಗಿ ಮಿದುಳು ತಿನ್ನುತ್ತಿಲ್ಲ. ನರಕೋಶದ ಮೈಮೇಲೇ ಒಳ್ಳೆಯದು ಕೆಟ್ಟದ್ದಕ್ಕೆ ತಾಗಿ ಬದಲಾಗುತ್ತದಲ್ಲ, ಆ ಕೋಶ ಸಾಯುವುದು ಅದರಿಂದ.

ತಾಗಿದ್ದೆಲ್ಲ ಹೊಂದುವುದೂ ಇಲ್ಲ. ಈ ಪ್ರೋಟೀನಿನ 129ನೇ ಜಾಗದಲ್ಲಿ ಕೆಲವರಿಗೆ ಮೆಥಿಯೋನಿನ್ ಎಂಬ ಅಮೈನೊ ಆಮ್ಲ, ಕೆಲವರಿಗೆ ವ್ಯಾಲಿನ್ ಎಂಬುದು. ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬರುತ್ತದೆ. ಎರಡೂ ಒಂದೇ ತರ ಇದ್ದರೆ ಸಾಲಾಗಿ ಕೂರುವುದು ಸಲೀಸು. ಬೇರೆ ಬೇರೆ ಇದ್ದರೆ ಅಷ್ಟು ಸುಲಭವಲ್ಲ. ಬ್ರಿಟನ್ನಿನಲ್ಲಿ ದನಗಳ ಪ್ರಿಯಾನ್ ರೋಗವಾದ ಹುಚ್ಚು ಹಸು ರೋಗದಿಂದ ಮನುಷ್ಯರಿಗೆ ಬಂದ ಸಿಜೆಡಿ 178 ಜನರನ್ನು ಕೊಂದಿತು. ಜೀನ್ ಪರೀಕ್ಷೆ ಆದವರಲ್ಲಿ ಹೆಚ್ಚುಕಮ್ಮಿ ಎಲ್ಲರಿಗೂ ಎರಡೂ ಮೆಥಿಯೋನಿನ್. ಪಪುವಾ ನ್ಯೂ ಗಿನಿಯ ಫೋರೆ ಜನರಲ್ಲಿ ಸತ್ತವರ ದೇಹ ತಿನ್ನುವ ಪದ್ಧತಿ ಇತ್ತು, ಅದರಿಂದ ಕುರು ಎಂಬ ಪ್ರಿಯಾನ್ ರೋಗ ಹಬ್ಬಿತ್ತು. ಅಲ್ಲಿ ಬದುಕಿ ಉಳಿದ ಕೆಲವರ 127ನೇ ಜಾಗದಲ್ಲಿ ಒಂದು ಬದಲಾವಣೆ ಸಿಕ್ಕಿತು. ಅದನ್ನೇ ಇಲಿಗಳಿಗೆ ಕೊಟ್ಟಾಗ ಅವುಗಳಿಗೆ ರೋಗವೇ ಅಂಟಲಿಲ್ಲ ಅಂತ 2015ರಲ್ಲಿ ವರದಿಯಾಯಿತು. ಒಂದೇ ಒಂದು ಅಮೈನೊ ಆಮ್ಲದ ಆಟ ನೋಡಿ.

ಹೀಗೆ ಹರಡಲು ಪ್ರೋಟೀನ್ ಒಂದೇ ಸಾಕಾ? ಈ ಕ್ಷೇತ್ರಕ್ಕೆ 1997ರ ನೊಬೆಲ್ ಪಡೆದ ಸ್ಟ್ಯಾನ್ಲಿ ಪ್ರೂಸಿನರ್ ಬಳಗ, ಇದಕ್ಕೆ ಸಹಾಯ ಮಾಡುವ ಇನ್ನೊಂದು ಪ್ರೋಟೀನ್ ಇರಬೇಕು ಅಂತ ಊಹಿಸಿ ‘ಪ್ರೋಟೀನ್ ಎಕ್ಸ್’ ಅಂತ ಕರೆದಿತ್ತು. ಅದು ಸಿಗಲಿಲ್ಲ. 2010ರಲ್ಲಿ ಲ್ಯಾಬಿನಲ್ಲಿ ಮಾಡಿದ ಶುದ್ಧ ಪ್ರೋಟೀನಿಗೆ ಕೊಬ್ಬಿನ ಅಂಶ ಮತ್ತು ಆರ್‌ಎನ್‌ಎ ಸೇರಿಸಿ ಕಲಕಿದಾಗ, ಇಲಿಗಳಿಗೆ ರೋಗ ತರುವ ಪ್ರಿಯಾನ್ ತಯಾರಾಯಿತು. ವೈರಸ್ ಇಲ್ಲ, ಬ್ಯಾಕ್ಟೀರಿಯಾ ಇಲ್ಲ, ಸಹಾಯಕರು ಮಾತ್ರ ಇದ್ದರು.

ಈಗ ನಿಮ್ಮ ಮನೆಗೆ ಬರೋಣ. ಸುಮಾರು 85 ಶೇಕಡ ಸಿಜೆಡಿಯಲ್ಲಿ ಆ ಮೊದಲ ತುಣುಕು ಯಾವ ಹೊರ ಕಾರಣವೂ ಕಾಣದೆ ಹುಟ್ಟಿಕೊಳ್ಳುತ್ತದೆ. ಅಂಥದ್ದಾದರೆ ಮಕ್ಕಳಿಗೆ, ಮೊಮ್ಮಕ್ಕಳಿಗೆ ಊರಿನ ಉಳಿದವರಿಗಿಂತ ಜಾಸ್ತಿ ಅಪಾಯ ಇಲ್ಲ. ಹತ್ತರಿಂದ ಹದಿನೈದು ಶೇಕಡ ಮಾತ್ರ ಜೀನ್ ದೋಷದಿಂದ ಬರುವುದು. ಅತ್ತೆಯ ಅಪ್ಪ ಅಮ್ಮ, ಒಡಹುಟ್ಟಿದವರು ಹೇಗೆ ತೀರಿಕೊಂಡರು ಅಂತ ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಿ. ಬೇಗ ಬುದ್ಧಿ ಮಂಕಾಗಿ ಸತ್ತವರು ಇದ್ದರೆ ಮಾತ್ರ ನಿಮ್ಮ ಯಜಮಾನರು ಜೀನ್ ಪರೀಕ್ಷೆಯ ಬಗ್ಗೆ ಯೋಚಿಸಲಿ. ಆಗಲೂ ಕೌನ್ಸೆಲಿಂಗ್ ಇಲ್ಲದೆ ನಾನು ಚೀಟಿ ಬರೆಯುವುದಿಲ್ಲ. ಮದ್ದಿಲ್ಲದ ಕಾಯಿಲೆಯ ಸುದ್ದಿ ಒಮ್ಮೆ ಕೇಳಿದ ಮೇಲೆ ಕೇಳದ ಹಾಗೆ ಇರಲು ಆಗುವುದಿಲ್ಲ. ಮಕ್ಕಳಿಗೆ ಮಾಡಿಸುವ ಮಾತೇ ಬೇಡ.

ಪ್ರಶ್ನೆ: ಅಪ್ಪನಿಗೆ ಸಿಜೆಡಿ. ಪಕ್ಕದ ಮನೆಯವರು ಬರುವುದನ್ನೇ ನಿಲ್ಲಿಸಿದ್ದಾರೆ. ತಟ್ಟೆ, ಬಟ್ಟೆ ಬೇರೆ ಇಡಬೇಕಾ? (ಪುತ್ತೂರು)

ಬೇಡ. ಮುಟ್ಟಿ, ಸ್ನಾನ ಮಾಡಿಸಿ, ಊಟ ಮಾಡಿಸಿ. ರಕ್ತದಾನ, ನೇತ್ರದಾನ ಮಾತ್ರ ಮಾಡಿಸಬಾರದು. ಯಾವುದೇ ಆಪರೇಷನ್ನಿಗೆ ಮೊದಲು ಸಿಜೆಡಿ ಅಂತ ಬಾಯಿಬಿಟ್ಟು ಹೇಳಿ. ಉಪಕರಣಗಳಿಗೆ ಮಾಮೂಲಿ ಶುದ್ಧೀಕರಣ ಸಾಲುವುದಿಲ್ಲ. ಪಕ್ಕದ ಮನೆಯವರಿಗೆ ಈ ಪುಟ ಕೊಡಿ.

ಪ್ರಶ್ನೆ: ಘಟ್ಟದ ಮೇಲಿನ ಒಬ್ಬರು ಪಂಡಿತರು ಕೆಟ್ಟ ಪ್ರೋಟೀನ್ ಕರಗಿಸುವ ಚೂರ್ಣ ಕೊಡ್ತಾರಂತೆ. 48 ದಿನದ ಪಥ್ಯ. ಇಬ್ಬರಿಗೆ ವಾಸಿಯಾಗಿದೆ ಅಂತಾರೆ. (ಕುಂದಾಪುರ)

ಈ ಕೆಟ್ಟ ಪ್ರೋಟೀನ್ ಕುದಿಸಿದರೂ ಹಾಳಾಗುವುದಿಲ್ಲ, ಶವ ಕೆಡದಂತೆ ಹಾಕುವ ಫಾರ್ಮಾಲಿನ್‌ಗೂ ಜಗ್ಗುವುದಿಲ್ಲ. ಉಪಕರಣದಿಂದ ತೆಗೆಯಲು ಕಟು ಕಾಸ್ಟಿಕ್ ಸೋಡಾ ದ್ರಾವಣ ಅಥವಾ 134 ಡಿಗ್ರಿ ಹಬೆ ಬೇಕು. ಅದನ್ನು ಮಿದುಳಿನೊಳಗೆ ಕರಗಿಸುವ ಪುಡಿ ಪಂಡಿತರಲ್ಲಿದ್ದರೆ ಆಪರೇಷನ್ ಥಿಯೇಟರಿನವರು ಕ್ಯೂ ನಿಲ್ಲಬೇಕಿತ್ತು. ಮಲೇರಿಯಾಕ್ಕೆ ಕೊಡುತ್ತಿದ್ದ ಕ್ವಿನಾಕ್ರಿನ್, ಆ್ಯಂಟಿಬಯೋಟಿಕ್ ಆದ ಡಾಕ್ಸಿಸೈಕ್ಲಿನ್ ಎರಡನ್ನೂ ರೋಗಿಗಳ ಮೇಲೆ ಸರಿಯಾಗಿ ಪರೀಕ್ಷಿಸಿ ನೋಡಿದ್ದಾರೆ, ಜೀವ ಉಳಿಯಲಿಲ್ಲ. ಒಳ್ಳೆಯ ಪ್ರೋಟೀನಿನ ತಯಾರಿಯನ್ನೇ ಕಡಿಮೆ ಮಾಡುವ ಔಷಧದ ಪ್ರಯೋಗ ಈಗ ವಿದೇಶದಲ್ಲಿ ನಡೆಯುತ್ತಿದೆ. ಅಂಗಡಿಯಲ್ಲಿ ಸಿಗುವುದಿಲ್ಲ.

ಆ ಇಬ್ಬರಿಗೆ ವಾಸಿಯಾದದ್ದು ನಿಜವೇ ಇದ್ದರೆ ಅವರಿಗಿದ್ದದ್ದು ಸಿಜೆಡಿ ಅಲ್ಲ. ದೇಹದ ರೋಗನಿರೋಧಕ ಶಕ್ತಿಯೇ ಮಿದುಳಿನ ಮೇಲೆ ತಿರುಗಿಬಿದ್ದರೆ, ಥೈರಾಯ್ಡ್ ತೊಂದರೆಯಾದರೆ, ಬಿ12 ಇಳಿದರೆ, ತಲೆಬುರುಡೆಯೊಳಗೆ ರಕ್ತ ಹೆಪ್ಪುಗಟ್ಟಿದರೆ ಕೂಡ ಕೆಲವೇ ವಾರಗಳಲ್ಲಿ ಬುದ್ಧಿ ಮಂಕಾಗುತ್ತದೆ. ಇವಕ್ಕೆಲ್ಲ ಚಿಕಿತ್ಸೆ ಉಂಟು, ಆದರೆ ಬೇಗ ಶುರು ಮಾಡಬೇಕು. ನನಗೆ ಸಿಟ್ಟು ಬರುವುದು ಇಲ್ಲಿ. ಎಂಆರ್‌ಐ, ಬೆನ್ನುಹುರಿಯ ನೀರಿನ ಪರೀಕ್ಷೆ ಮಾಡಿಸುವ ಹೊತ್ತಿನಲ್ಲಿ ಜನ 48 ದಿನ ಪಥ್ಯದಲ್ಲಿ ಕೂರುತ್ತಾರೆ.

ಪ್ರಶ್ನೆ: ಮೀನಿನಿಂದ ಪ್ರಿಯಾನ್ ಬರ್ತದಾ? (ಮಲ್ಪೆ)

ಬಂಗುಡೆ, ಬೂತಾಯಿ ಆರಾಮಾಗಿ ತಿನ್ನಿ.

ಪ್ರಶ್ನೆ: ನಮ್ಮ ಹಟ್ಟಿಯ ದನ ಜೊಲ್ಲು ಸುರಿಸುತ್ತಾ, ವಿಚಿತ್ರವಾಗಿ ಕೂಗುತ್ತಾ ಇದೆ. ಹುಚ್ಚು ಹಸು ರೋಗವಾ? (ಬೆಳ್ತಂಗಡಿ)

ನಮ್ಮ ಊರಿನಲ್ಲಿ ಹೀಗಾದರೆ ಮೊದಲು ನೆನಪಾಗಬೇಕಾದದ್ದು ರೇಬೀಸ್, ಹುಚ್ಚುನಾಯಿ ಕಚ್ಚಿ ಬಂದದ್ದು. ಬ್ರಿಟನ್ನಿನಲ್ಲಿ ಹುಚ್ಚು ಹಸು ರೋಗ ಹರಡಿದ್ದು ದನಗಳಿಗೆ ಸತ್ತ ಪ್ರಾಣಿಗಳ ಮಾಂಸ-ಎಲುಬಿನ ಪುಡಿ ತಿನ್ನಿಸಿ. ದನದ ಬಾಯಿಗೆ ಕೈ ಹಾಕಬೇಡಿ, ಹಾಲು ಕರೆಯಬೇಡಿ, ಪಶುವೈದ್ಯರನ್ನು ಕರೆಸಿ. ಜೊಲ್ಲು ತಾಗಿದವರು ಸೋಪು ಹಾಕಿ ಹದಿನೈದು ನಿಮಿಷ ತೊಳೆದುಕೊಂಡು ಇವತ್ತೇ ಸರಕಾರಿ ಆಸ್ಪತ್ರೆಗೆ ಹೋಗಿ. ಪ್ರಿಯಾನ್‌ಗೆ ಲಸಿಕೆ ಇಲ್ಲ, ರೇಬೀಸ್‌ಗೆ ಉಂಟು. ನನಗೆ ಪತ್ರ ಬರೆದು ಕಾಯುತ್ತಾ ಕೂರಬೇಡಿ.