ಟೆಕ್ಸಸ್‌ನಲ್ಲಿ ಬಾಗಿಲ ಹೊರಗೆ ನಿಂತಾಗ

ಡಲ್ಲಾಸ್‌ಗೆ ಬಂದು ಎರಡು ತಿಂಗಳು, ಎಚ್-1ಬಿ ವೀಸಾ, ಜೊತೆಗೆ ಹೆಂಡತಿ ಮತ್ತು ಪುಟ್ಟ ಮಗು ಎಂದು ಬರೆದಿದ್ದೀರಿ. ‘ಇಲ್ಲಿ ಮನೆಗೆ ನುಗ್ಗಿದವನನ್ನು ಕೊಂದರೂ ಕೇಸಿಲ್ಲವಂತೆ, ಪಿಸ್ತೂಲು ತೆಗೆದುಕೊಳ್ಳಿ ಎಂದು ಸಹೋದ್ಯೋಗಿ ಹೇಳುತ್ತಿದ್ದಾರೆ, ತೆಗೆದುಕೊಳ್ಳಲೇ?’ ಎಂದು ಕೇಳಿದ್ದೀರಿ.

ಬೇಡ. 2021ರ ಸೆಪ್ಟೆಂಬರ್‌ನಿಂದ ಈ ರಾಜ್ಯದಲ್ಲಿ 21 ವರ್ಷ ತುಂಬಿದವರು ಲೈಸೆನ್ಸ್ ಇಲ್ಲದೆಯೂ ಪಿಸ್ತೂಲು ಇಟ್ಟುಕೊಂಡು ಓಡಾಡಬಹುದು, ನಿಜ. ಆದರೆ ಬಂದೂಕು ಹೊಂದಲು ಕಾನೂನಿನ ಅಡ್ಡಿ ಇಲ್ಲದವರಿಗೆ ಮಾತ್ರ. ನಿಮ್ಮಂಥ ತಾತ್ಕಾಲಿಕ ವೀಸಾದವರು ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವುದೇ ಫೆಡರಲ್, ಅಂದರೆ ಕೇಂದ್ರ ಕಾನೂನಿನಡಿ ಅಪರಾಧ. ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿಗಳಷ್ಟೇ ಇವೆ. ಗ್ರೀನ್ ಕಾರ್ಡ್ ಬಂದ ಮೇಲಿನ ಮಾತು ಬೇರೆ.

ಇನ್ನು ಕಾನೂನು. ಆತ್ಮರಕ್ಷಣೆಯಂಥ ಕಾರಣಕ್ಕೆ ಬಲ ಬಳಸುವುದು ಯಾವಾಗ ಅಪರಾಧವಲ್ಲ ಎಂಬುದಕ್ಕೇ ಟೆಕ್ಸಸ್ ದಂಡಸಂಹಿತೆಯ 9ನೇ ಅಧ್ಯಾಯ ಮೀಸಲು. ಜನ ವಾಸವಿರುವ ಮನೆಗೋ ಒಳಗೆ ಜನರಿರುವ ಕಾರಿಗೋ ಒಬ್ಬ ಬಲವಂತವಾಗಿ ನುಗ್ಗಿದರೆ, ಒಳಗಿದ್ದವರ ಪ್ರಾಣಭಯ ಸಕಾರಣವೆಂದೇ ಕಾನೂನು ಭಾವಿಸುತ್ತದೆ. 2007ರಿಂದ, ಇರಲು ಹಕ್ಕಿರುವ ಜಾಗದಲ್ಲಿ ಇರುವವನು, ತಾನೇ ಕೆಣಕದಿದ್ದರೆ, ಹಿಂದೆ ಸರಿಯಬೇಕಾದ ಕಟ್ಟುಪಾಡೂ ಇಲ್ಲ. ಬರೀ ಬಾಯಿಮಾತಿಗೆ ಕೈ ಎತ್ತುವುದಕ್ಕೆ ಮಾತ್ರ ಈ ರಕ್ಷಣೆ ಇಲ್ಲ. ನನ್ನನ್ನು ಇಂದಿಗೂ ಕಲಕುವುದು 9.42ನೇ ಕಲಮು: ರಾತ್ರಿ ವೇಳೆಯ ಕಳವನ್ನು ತಡೆಯಲು, ಬೇರೆ ದಾರಿಯಿಲ್ಲವೆಂದು ಸಕಾರಣವಾಗಿ ನಂಬಿದ್ದರೆ, ಪ್ರಾಣ ತೆಗೆಯುವ ಬಲವನ್ನೂ ಬಳಸಬಹುದು. ನಮ್ಮ ದೇಶದಲ್ಲಿ ಹಾಗಿಲ್ಲ. ಹಿಂದಿನ ಐಪಿಸಿಯಾಗಲಿ, 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಾಗಲಿ, ಬರೀ ಕಳ್ಳತನಕ್ಕೆ ಕೊಲ್ಲಲು ಬಿಡುವುದಿಲ್ಲ. ಸಾವಿನ ಇಲ್ಲವೇ ತೀವ್ರ ಗಾಯದ ಭಯ ಇರಬೇಕು. ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಆತ್ಮರಕ್ಷಣೆಯ ಹಕ್ಕೇ ಹುಟ್ಟುವುದಿಲ್ಲ. ಒಂದು ಸೈಕಲ್ಲಿಗೆ ಒಂದು ಜೀವ ಎಂಬ ಲೆಕ್ಕವನ್ನು ನಾನು ಎಂದೂ ಒಪ್ಪಲಾರೆ.

ಆದರೆ ನಿಮ್ಮ ಯೋಚನೆಯೆಲ್ಲ ಬಾಗಿಲ ಒಳಗಿನವನದು. ನೀವು ಬಾಗಿಲ ಹೊರಗೂ ನಿಲ್ಲುತ್ತೀರಿ. ನಾನು ಬಂದ ಮೊದಲ ವರ್ಷ, ಗೌರಿ ಹಬ್ಬದ ಸಂಜೆ, ಕಡುಬಿನ ಡಬ್ಬಿ ಹಿಡಿದು ಸ್ನೇಹಿತರ ಮನೆಗೆ ಹೊರಟೆ. ಬಡಾವಣೆಯಲ್ಲಿ ಎಲ್ಲ ಮನೆಗೂ ಅದೇ ಇಟ್ಟಿಗೆ, ಅದೇ ಗ್ಯಾರೇಜು. ಕತ್ತಲಾಗಿತ್ತು. ಬೆಲ್ಲಿಗೆ ಉತ್ತರ ಬರಲಿಲ್ಲವೆಂದು ನಮ್ಮೂರಿನ ಹಾಗೆ ಹಿಡಿಕೆ ತಿರುಗಿಸಿ ನೋಡಿದೆ. ‘ಹಿಂದೆ ಸರಿ’ ಎಂಬ ಗಂಡಸಿನ ಕೂಗು ಬಾಗಿಲ ಹಿಂದಿನಿಂದಲೇ ಬಂತು. ಡಬ್ಬಿ ಕೈಜಾರಿ ಕಡುಬುಗಳು ಮೆಟ್ಟಿಲ ಮೇಲೆ ಉರುಳಿದವು. ಎರಡೂ ಕೈ ಮೇಲೆತ್ತಿ ರಸ್ತೆಯವರೆಗೆ ಹಿಂದಕ್ಕೇ ನಡೆದೆ. ಸ್ನೇಹಿತರ ಮನೆ ಇನ್ನೂ ಮೂರು ಬಾಗಿಲು ಮುಂದಿತ್ತು.

ಪಕ್ಕದ ಲೂಯಿಸಿಯಾನದ ಬ್ಯಾಟನ್ ರೂಜ್‌ನಲ್ಲಿ 1992ರ ಅಕ್ಟೋಬರ್‌ನಲ್ಲಿ ಜಪಾನಿನ 16 ವರ್ಷದ ವಿದ್ಯಾರ್ಥಿ ಯೋಶಿಹಿರೊ ಹಟ್ಟೋರಿ ಹ್ಯಾಲೋವೀನ್ ಪಾರ್ಟಿಗೆಂದು ಹೊರಟು ಹೀಗೆಯೇ ತಪ್ಪು ಮನೆಯ ಬೆಲ್ ಒತ್ತಿದ. ‘ಫ್ರೀಜ್’ (ಅಲ್ಲಾಡಬೇಡ) ಎಂದು ಮನೆಯಾತ ಕೂಗಿದರೂ ಹುಡುಗ ಮುಂದೆ ಬಂದ. ಗುಂಡು ಎದೆಗೆ ಬಿತ್ತು. ಮರುವರ್ಷ ಜ್ಯೂರಿ ಮನೆಯಾತನನ್ನು ಖುಲಾಸೆ ಮಾಡಿತು. 1994ರಲ್ಲಿ ಸಿವಿಲ್ ಕೋರ್ಟು ಮಾತ್ರ ಪರಿಹಾರ ಕೊಡಬೇಕೆಂದಿತು. ಆ ಹುಡುಗನ ವಯಸ್ಸಿನ ಮಗ ಈಗ ನನ್ನ ಮನೆಯಲ್ಲಿದ್ದಾನೆ.

ಆದ್ದರಿಂದ ಹೋಗುವ ಮೊದಲು ಫೋನ್ ಮಾಡಿ. ಬೆಲ್ ಒತ್ತಿ ನಾಲ್ಕು ಹೆಜ್ಜೆ ಹಿಂದೆ, ಬೆಳಕಿನಲ್ಲಿ ನಿಲ್ಲಿ, ಹಿಡಿಕೆ ಮುಟ್ಟಬೇಡಿ. ಊರ ಹೊರಗೆ ಮರಕ್ಕೋ ಬೇಲಿಗಂಬಕ್ಕೋ ಉದ್ದುದ್ದ ನೇರಳೆ ಬಣ್ಣ ಬಳಿದಿದ್ದರೆ ಅದು ಅಲಂಕಾರವಲ್ಲ, ಪ್ರವೇಶ ನಿಷಿದ್ಧವೆಂಬ ಕಾನೂನುಬದ್ಧ ಸೂಚನೆ. ನಿಮ್ಮ ಮನೆಗೇ ಯಾರಾದರೂ ನುಗ್ಗಿದರೆ ಮಗುವನ್ನೆತ್ತಿಕೊಂಡು ಕೋಣೆ ಸೇರಿ, ಚಿಲಕ ಹಾಕಿ ತುರ್ತು ನಂಬರು 911ಕ್ಕೆ ಕರೆ ಮಾಡಿ.

ಬೇಸಿಗೆಯಲ್ಲಿ ನಿಮ್ಮ ತಂದೆ ತಾಯಿ ಬರುತ್ತಾರೆಂದಿರಿ. ಬೆಳಗಿನ ಜಾವ ಕತ್ತಲಲ್ಲೇ ವಾಕಿಂಗ್ ಹೊರಡುವ ಹಿರಿಯರು ಅವರು. ಮನೆ ನಂಬರು, ನಿಮ್ಮ ಫೋನ್ ನಂಬರು ಬರೆದ ಚೀಟಿಯನ್ನು ಅಪ್ಪನ ಜೇಬಿಗೆ ಹಾಕಿ ಕಳಿಸಿ.