ಪಕ್ಕದ ಸೀಟಿನ ಋಣ

ಪ್ರಶ್ನೆ: ಸಾರ್, ಹೋದ ತಿಂಗಳು ಮಂಡ್ಯದಿಂದ ಮೈಸೂರಿಗೆ ಹೊರಟಿದ್ದೆ. ಸ್ಕೂಟರ್ ಪಂಕ್ಚರ್ ಆಗಿ ರೈಲು ತಪ್ಪಿತು. ಬೈದುಕೊಂಡೇ ಬಸ್ ಹತ್ತಿದೆ. ಪಕ್ಕದಲ್ಲಿದ್ದ ಹಿರಿಯರು ‘ಯಾವೂರವ್ವ, ಯಾರ ಮಗಳು?’ ಅಂದರು. ಅಪ್ಪನ ಹೆಸರು ಹೇಳಿದ ತಕ್ಷಣ ಅವರ ಕಣ್ಣು ತುಂಬಿತು. ಅಪ್ಪ ಮೇಷ್ಟ್ರಾಗಿದ್ದರು. 1979ರಲ್ಲಿ ಇವರ ಎಸ್ಸೆಸ್ಸೆಲ್ಸಿ ಪರೀಕ್ಷೆ ಫೀಸು ಕಟ್ಟಿದ್ದರಂತೆ. ಕಿರಂಗೂರಿನಲ್ಲಿ ಇಳಿಯುವಾಗ ಐನೂರರ ನಾಲ್ಕು ನೋಟು ನನ್ನ ಬ್ಯಾಗಿಗೆ ತುರುಕಿ ಇಳಿದೇಬಿಟ್ಟರು. ಅಪ್ಪನ ತಿಥಿಗೆ ಆಗ ನಾಲ್ಕೇ ದಿನ ಇತ್ತು. ನಮ್ಮತ್ತೆ ‘ನಿಮಿಷಾಂಬನೇ ಕಳಿಸಿದ್ದು’ ಅಂತಾರೆ. ನಮ್ಮ ಯಜಮಾನರು ‘ಕಾಗೆ ಕೂತಿದ್ದಕ್ಕೂ ಕೊಂಬೆ ಮುರಿದಿದ್ದಕ್ಕೂ ಸರಿಹೋಯ್ತು’ ಅಂತ ನಗ್ತಾರೆ. ಯಾರ ಮಾತು ನಂಬಲಿ? ದುಡ್ಡು ಇನ್ನೂ ದೇವರ ಪಟದ ಮುಂದೇ ಇದೆ.
— ಓದುಗರು, ಮಂಡ್ಯ

ಉತ್ತರ: ತಾಯಿ, ನಾನು ಮೈಸೂರಿನಲ್ಲಿ ಮೂವತ್ತು ವರ್ಷ ಲೆಕ್ಕದ ಪಾಠ ಮಾಡಿದವನು. ಹಾಗಾಗಿ ಮೊದಲು ನಿಮ್ಮ ಯಜಮಾನರ ಕಡೆಗೇ ವಾಲುತ್ತೇನೆ, ಬೇಜಾರು ಮಾಡ್ಕೋಬೇಡಿ.

ಪ್ರತಿ ಜೂನ್‌ನಲ್ಲಿ ಹೊಸ ಕ್ಲಾಸಿಗೆ ಹೋದಾಗ ಎಲ್ಲರ ಹುಟ್ಟಿದ ದಿನ ಕೇಳುತ್ತಿದ್ದೆ. ‘ವರ್ಷಕ್ಕೆ 365 ದಿನ, ಇಲ್ಲಿರೋದು ಐವತ್ತು ಜನ. ಇಬ್ಬರದು ಒಂದೇ ದಿನ ಹೇಗೆ ಬರುತ್ತೆ ಸಾರ್?’ ಅಂತ ನಗುತ್ತಿದ್ದರು. ಹೆಚ್ಚುಕಡಿಮೆ ಪ್ರತಿ ಸಲವೂ ಬರುತ್ತಿತ್ತು. ಆ ಇಬ್ಬರೂ ಅವತ್ತಿನಿಂದ ಒಂದೇ ಬೆಂಚಿನಲ್ಲಿ ಕೂರುತ್ತಿದ್ದರು! ಬರೀ 23 ಜನ ಇದ್ದರೂ ಅವರಲ್ಲಿ 253 ಜೋಡಿ ಆಗುತ್ತವೆ. ಯಾರಾದರೂ ಇಬ್ಬರದು ಒಂದೇ ದಿನ ಬರುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ. ಐವತ್ತು ಜನ ಆದರೆ ನೂರಕ್ಕೆ 97. ನಾವು ತಲೆ ಎಣಿಸುತ್ತೇವೆ, ಜೋಡಿ ಎಣಿಸೋದಿಲ್ಲ.

ಅದರ ಮೇಲೆ ನಿಮ್ಮದು ಮಂಡ್ಯದ ಬಸ್ಸು. ಅಲ್ಲಿ ‘ಯಾವೂರು, ಯಾರ ಪೈಕಿ’ ಅಂತ ಕೇಳದೆ ಯಾರಾದರೂ ಸುಮ್ನೆ ಕೂರುತ್ತಾರಾ? ಕಂಡಕ್ಟರ್ ಚಿಲ್ಲರೆ ಕೊಡುವುದರೊಳಗೆ ಏನೋ ಒಂದು ನಂಟು ಹೊರಬಿದ್ದಿರುತ್ತೆ. ನಿಮ್ಮಪ್ಪ ಮೇಷ್ಟ್ರು ಬೇರೆ. ಅವರ ಹತ್ತಿರ ಓದಿದವರು ಎಷ್ಟು ಜನ ಆ ರಸ್ತೆಯಲ್ಲಿ ಓಡಾಡುತ್ತಾರೋ! ನೀವು ಫೋನ್ ನೋಡುತ್ತಾ ಕೂತಿದ್ದರೆ ಈ ಹಿರಿಯರೂ ಸದ್ದಿಲ್ಲದೆ ಇಳಿದು ಹೋಗುತ್ತಿದ್ದರು. ಹಿಂದೆ ಹಾಗೆ ಎಷ್ಟು ಜನ ಇಳಿದು ಹೋಗಿದ್ದಾರೋ ಯಾರಿಗೆ ಗೊತ್ತು. ನಾನೂ ಮಂಡ್ಯ ಸ್ಟೇಷನ್ನಿನಲ್ಲಿ ಎಷ್ಟೋ ಸಲ ರೈಲು ತಪ್ಪಿಸಿಕೊಂಡಿದ್ದೇನೆ. ಸಿಕ್ಕಿದ್ದು ಸೊಳ್ಳೆ. ಅದನ್ನು ಯಾವ ಪತ್ರಿಕೆಗೂ ಬರೆಯಲಿಲ್ಲ.

ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ನಿಮ್ಮತ್ತೆಯವರ ಮಾತು ತಳ್ಳಿಹಾಕೋಕೆ ಬಾಯಿ ಬರುತ್ತಿಲ್ಲ. ಗಂಜಾಂನ ಆ ಅಮ್ಮ ಬೇಡಿದ್ದನ್ನು ನಿಮಿಷದಲ್ಲಿ ಕೊಡುತ್ತಾಳೆ ಅಂತ ಜನ ನಂಬುತ್ತಾರೆ. ನೀವು ಬೇಡಿರಲೇ ಇಲ್ಲ, ರೈಲು ತಪ್ಪಿದ್ದಕ್ಕೆ ಬೈಯುತ್ತಿದ್ದಿರಿ! ಒಂದು ವಿಷಯ ಮಾತ್ರ ನನ್ನ ಲೆಕ್ಕಕ್ಕೆ ಸಿಗುತ್ತಿಲ್ಲ. ನಿಮ್ಮಪ್ಪನ ಹೆಸರು ಕೇಳಿದ ಮೇಲೂ ಅವರು ‘ಹೌದಾ’ ಅಂದು ಕಿಟಕಿ ಕಡೆ ತಿರುಗಬಹುದಿತ್ತು. ಸಾಲಪತ್ರ ಇಲ್ಲ, ಸಾಕ್ಷಿ ಇಲ್ಲ, ಕೊಟ್ಟವರೂ ಈಗಿಲ್ಲ. ನಿಮಗಂತೂ ವಿಷಯವೇ ಗೊತ್ತಿರಲಿಲ್ಲ. ಆದರೂ 1979ರ ಫೀಸನ್ನು ಇಷ್ಟು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರಲ್ಲ! ಪಕ್ಕದ ಸೀಟು ಸಿಕ್ಕಿದ್ದು ಹೇಗೆ ಅಂತ ನಾನು ಬೋರ್ಡಿನ ಮೇಲೆ ಬರೆದು ತೋರಿಸಬಲ್ಲೆ. ಜೇಬಿಗೆ ಕೈ ಹೋಗಿದ್ದಕ್ಕೆ ನನ್ನ ಹತ್ತಿರ ಸೂತ್ರ ಇಲ್ಲ. ಅದನ್ನು ನಿಮ್ಮತ್ತೆ ದೇವರು ಅಂದರೆ ನಾನು ವಾದಕ್ಕೆ ಬರೋದಿಲ್ಲ.

ದುಡ್ಡನ್ನು ಪಟದ ಮುಂದೆ ಇಟ್ಟು ಏನು ಮಾಡ್ತೀರಿ? ನಿಮ್ಮಪ್ಪ ಇದ್ದಿದ್ದರೆ ಅದು ಯಾರ ಫೀಸಿಗೆ ಹೋಗುತ್ತಿತ್ತು ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಇನ್ನೊಂದು ಮಾತು. ಪಂಕ್ಚರ್ ಬರೆದಿದ್ದೀರಿ, ಐನೂರರ ನೋಟು ಎಷ್ಟು ಅಂತ ಬರೆದಿದ್ದೀರಿ, ತಿಥಿಗೆ ಎಷ್ಟು ದಿನ ಇತ್ತು ಅಂತಲೂ ಬರೆದಿದ್ದೀರಿ. ಪತ್ರವನ್ನು ಎರಡು ಸಲ ಓದಿದೆ. ಅವರ ಹೆಸರು ಎಲ್ಲೂ ಇಲ್ಲ. ಕೇಳಲಿಲ್ಲ, ಅಲ್ವಾ? ಕಿರಂಗೂರೇನು ದೂರ ಇಲ್ಲ. ಯಾವುದಾದರೂ ಟೀ ಅಂಗಡಿಯಲ್ಲಿ ನಿಂತು ನಿಮ್ಮಪ್ಪನ ಹೆಸರು ಹೇಳಿ ನೋಡಿ.