ವೈಫೈಯಿಂದ ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಇದೆಯಾ?

ಪ್ರಶ್ನೆ: ನನಗೀಗ ಐದು ತಿಂಗಳು. ಮನೆಯಿಂದಲೇ ಕೆಲಸ ಮಾಡ್ತೀನಿ, ವೈಫೈ ಡಬ್ಬಿ ಮಂಚದ ತಲೆದೆಸೆಯ ಗೋಡೆಯಲ್ಲೇ ಇದೆ. ಗರ್ಭಿಣಿ ಇಲಿಗಳ ಹತ್ತಿರ ಮೊಬೈಲ್ ಇಟ್ಟಿದ್ದಕ್ಕೆ ಮರಿಗಳ ಮಿದುಳೇ ಹಾಳಾಯ್ತು ಅಂತ ಅತ್ತೆ ವಾಟ್ಸಾಪ್‌ನಲ್ಲಿ ಬಂದಿದ್ದನ್ನು ತೋರಿಸಿದರು. ಆಮೇಲೆ ಸರಿಯಾಗಿ ನಿದ್ದೆ ಇಲ್ಲ. ಇದು ನಿಜಾನಾ ಮೇಡಂ?
– ಓದುಗರು, ದಾವಣಗೆರೆ

ಉತ್ತರ: ಪ್ರಯೋಗ ನಡೆದಿದ್ದು ನಿಜ ತಂಗಿ. ಆದರೆ 'ಮಿದುಳೇ ಹಾಳಾಯ್ತು' ಅನ್ನುವುದು ಯಾರೋ ಸೇರಿಸಿದ ಮಾತು.

2012ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಹ್ಯೂ ಟೇಲರ್ ಅವರ ತಂಡ ಇದನ್ನು ಪ್ರಕಟಿಸಿತು. ಗಬ್ಬದ ಇಲಿಗಳ ಪಂಜರದ ಮೇಲೆ, ಅವು ನೀರು ಕುಡಿಯೋ ಬಾಟಲಿ ಪಕ್ಕದಲ್ಲೇ, ಸದ್ದು ಬಂದ್ ಮಾಡಿದ ಫೋನ್ ಇಟ್ಟು, ಹಗಲೂ ರಾತ್ರಿ ಕಾಲ್ ಕಟ್ ಮಾಡದೆ ಹಾಗೇ ಬಿಟ್ಟಿದ್ದರು. ಇನ್ನೊಂದು ಗುಂಪಿನ ಪಂಜರದ ಮೇಲೂ ಫೋನ್ ಇತ್ತು, ಆದರೆ ಆಫ್. ಮರಿಗಳು ಬೆಳೆದ ಮೇಲೆ ನೋಡಿದರೆ ಮೊದಲ ಗುಂಪಿನವು ಜಾಸ್ತಿ ಚಡಪಡಿಸುತ್ತಿದ್ದವು, ನೋಡಿದ ವಸ್ತು ಯಾವುದು, ಹೊಸದು ಯಾವುದು ಅಂತ ಗುರುತಿಸುವುದರಲ್ಲೂ ಹಿಂದೆ ಬಿದ್ದವು. ಫೋನ್, ವೈಫೈ ಎರಡೂ ಬಿಡುವುದು ರೇಡಿಯೋ ಅಲೆ; ಒಂದೊಂದು ಇಲಿಯ ಮೈಗೆ ಆ ಅಲೆ ಎಷ್ಟು ಸೇರಿತು ಅಂತ ಸರಿಯಾಗಿ ಅಳೆದಿಲ್ಲ ಅನ್ನೋ ಆಕ್ಷೇಪ ಆಗಲೇ ಬಂತು.

ಅಮೆರಿಕ ಸರ್ಕಾರದ್ದೇ ಇನ್ನೊಂದು ದೊಡ್ಡ ಅಧ್ಯಯನದ ವರದಿ 2018ರಲ್ಲಿ ಬಂತು. ಅಲ್ಲಿ ದೊಡ್ಡ ಜಾತಿಯ ಇಲಿಗಳಿಗೆ ದಿನಕ್ಕೆ ಸುಮಾರು 9 ಗಂಟೆ, ಇಡೀ ಮೈಗೆ, ನಮಗೆ ತಾಗುವುದಕ್ಕಿಂತ ಎಷ್ಟೋ ಜಾಸ್ತಿ ಅಲೆ ಬಿಟ್ಟಿದ್ದರು. ಮರಿಗಳು ಹುಟ್ಟುವಾಗ ತೂಕ ಕಡಿಮೆ ಇತ್ತು, ಆಮೇಲೆ ಮಾಮೂಲಾಗಿ ಬೆಳೆದವು. ಎರಡು ವರ್ಷ ಹಾಗೇ ಮುಂದುವರಿಸಿದಾಗ ಕೆಲವು ಗಂಡು ಇಲಿಗಳ ಹೃದಯದಲ್ಲಿ ಗಡ್ಡೆ ಕಂಡಿತು, ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ.

ಆದರೆ ಯೇಲ್‌ನಲ್ಲಿದ್ದಂಥ ಇಲಿಯ ತೂಕ ಎಷ್ಟು? ಸುಮಾರು 30 ಗ್ರಾಂ, ಒಂದು ನಿಂಬೆಹಣ್ಣಿನಷ್ಟು! ಅಷ್ಟು ಪುಟ್ಟ ಮೈಯಲ್ಲಿ ಅಲೆ ಸಲೀಸಾಗಿ ಮರಿಯವರೆಗೂ ಹೋಗುತ್ತದೆ. ನಿಮ್ಮ ಮಗುವಿನ ಸುತ್ತ ಚರ್ಮ, ಕೊಬ್ಬು, ಗರ್ಭಕೋಶದ ಗೋಡೆ, ನೀರು ಎಲ್ಲ ಇದೆ, ಅಲೆಯ ಬಹುಪಾಲು ಅಲ್ಲಲ್ಲೇ ಇಂಗುತ್ತದೆ. ವೈಫೈ ಡಬ್ಬಿಯ ಶಕ್ತಿಯೂ ಕಡಿಮೆ, ದೂರ ಎರಡರಷ್ಟಾದರೆ ಅಲೆಯ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಭಯ ಬೇಡ. ಆದರೂ ಆ ಡಬ್ಬಿಯನ್ನು ಹಾಲ್‌ಗೆ ಹಾಕಿಸಿ, ಖರ್ಚೇನಿಲ್ಲ ಅಲ್ವಾ? ಫೋನನ್ನು ಹೊಟ್ಟೆ ಮೇಲೆ ಇಟ್ಟುಕೊಂಡು ವಿಡಿಯೋ ನೋಡಬೇಡಿ. ಸಿಗ್ನಲ್ ಒಂದೇ ಕಡ್ಡಿ ಇರೋ ಕಡೆ ಫೋನ್ ಜಾಸ್ತಿ ಶಕ್ತಿ ಹಾಕುತ್ತದೆ, ಅಲ್ಲಿ ಉದ್ದ ಮಾತು ಬೇಡ. ಲ್ಯಾಪ್‌ಟಾಪ್ ತೊಡೆ ಮೇಲೆ ಬೇಡ, ಮೇಜಿನ ಮೇಲಿರಲಿ.

ನನಗೆ ಚಿಂತೆ ಆಗಿರುವುದು ನಿಮ್ಮ ನಿದ್ದೆಯದ್ದು. ಮುಂದಿನ ಚೆಕಪ್‌ವರೆಗೆ ಕಾಯಬೇಡಿ, ಈ ವಾರವೇ ಡಾಕ್ಟರಿಗೆ ಹೇಳಿ. ಅತ್ತೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಅವರಿಗೂ ಒಳಗೊಳಗೇ ಭಯ ಇದ್ದೇ ಇರುತ್ತದೆ.